ಮಿಂಚುಳ್ಳಿಯ ಬಿಲ

ಚೊಳಚಗುಡ್ಡದ ಹಳ್ಳದ ದಂಡೆಗೆ ತಡೆಗೋಡೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ನಾನು ಕೂಡಿಸಿದ ಒಂದು ಕಲ್ಲೂ ಇದುವರೆಗೆ ಜರಿದಿಲ್ಲ.

ಅಲ್ಲೊಂದು ಹೊಂಗೆ ಮರ. ಅದರ ದಟ್ಟ ಎಲೆಗಳೊಳಗೆ ದೊಡ್ಡ ಮಿಂಚುಳ್ಳಿಯೊಂದು ಕೂಡುತ್ತಿತ್ತು. ತಂತಿಯ ಮೇಲೆ ಕಾಣುವ ಸಣ್ಣದಲ್ಲ, ಪಾರಿವಾಳದಷ್ಟು ದಪ್ಪನೆಯದು. ಕಂದು ತಲೆ, ಅರಿಸಿನ ಬಳಿದಂಥ ಎದೆ, ನೀಲಿ ರೆಕ್ಕೆ. ಕೊಕ್ಕು ಮಾತ್ರ ಇಳಕಲ್ಲಿನ ಕೆಂಪು ಕಲ್ಲನ್ನು ಚಾಣದಿಂದ ಕಡೆದು ಹಚ್ಚಿದ ಹಾಗೆ. ಇಷ್ಟು ಬಣ್ಣವಿದ್ದರೂ ಕೂಗುವವರೆಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕೂಗಿದರೆ ಯಾರೋ ನಮ್ಮನ್ನು ನೋಡಿ ಕೇಕೆ ಹಾಕಿ ನಕ್ಕಂತೆ. ಮೀನು, ಏಡಿ, ಕಪ್ಪೆ, ಏನು ಸಿಕ್ಕರೂ ಕೊಂಬೆಗೆ ಬಡಿದು ಕೊಲ್ಲುತ್ತಿತ್ತು. ಕಾಗೆ ಬಂದರೆ ಮೇಲೆ ಬಿದ್ದು ಓಡಿಸುತ್ತಿತ್ತು.

ಊಟದ ಹೊತ್ತಿನಲ್ಲಿ ನೋಡುತ್ತ ನೋಡುತ್ತ ಒಂದು ಗುಟ್ಟು ತಿಳಿಯಿತು. ತಾನು ತಿನ್ನುವಾಗ ಮೀನಿನ ತಲೆ ಗಂಟಲ ಕಡೆಗೆ. ಮರಿಗಳಿಗೆ ಒಯ್ಯುವಾಗ ತಲೆ ಹೊರಗೆ. ಒಂದು ದಿನ ಹಾಗೆ ತಲೆ ಹೊರಗಿದ್ದ ಮೀನು ಹಿಡಿದು, ಮರದ ಕೆಳಗಿನ ಮಣ್ಣು ದಂಡೆಯ ಬಿಲದೊಳಗೆ ನುಗ್ಗಿತು. ನಮ್ಮ ಪಾಯ ಬರುವುದೂ ಅಲ್ಲಿಯೇ.

ಲಾರಿಗೆ ಕಲ್ಲು ತುಂಬಿಸಲು ನಾನು ಇಳಕಲ್ಲಿಗೆ ಹೋದ ದಿನವೇ ದಂಡೆ ಕಡಿಯಲು ಜೆಸಿಬಿ ಬಂದಿದೆ ಎಂದು ಸುದ್ದಿ ಬಂತು. ಎಂಜಿನಿಯರರಿಗೆ ಫೋನು ಮಾಡಿದೆ. ಬಾಯಿಗೆ ಬಿಲ ಎಂದೇ ಬಂದಿತ್ತು. ಓದಿದವರ ಮುಂದೆ ಇಲಿ ಹೆಗ್ಗಣದ ಮಾತಾಡಿದಂತಾದೀತು ಎಂದು ಅದನ್ನು ನುಂಗಿಕೊಂಡು, ಪುಸ್ತಕದ ಶಬ್ದ ತೆಗೆದೆ.

“ಸಾಹೇಬ್ರ, ಹೊಂಗಿ ಗಿಡದ ಹತ್ರ ಹಕ್ಕಿ ಗೂಡು ಐತ್ರಿ. ಮರಿ ಅದಾವು. ಸ್ವಲ್ಪ ಜ್ವಾಕಿ.”

“ಆತು ಬಿಡ್ರಿ ಮೇಸ್ತ್ರಿ. ಗೂಡು ಮುಟ್ಟಂಗಿಲ್ಲ.”

ಮರುದಿನ ಬಂದು ನೋಡಿದರೆ ದಂಡೆಯನ್ನು ನೆಟ್ಟಗೆ ಕೆತ್ತಿ ಹಾಕಿದ್ದರು. ಮರ ಮಾತ್ರ ಹಾಗೇ ನಿಂತಿತ್ತು.

“ಆಳು ಹತ್ತಿಸಿ ಟೊಂಗಿ ಟೊಂಗಿ ಹುಡುಕಿಸೇನಿ,” ಎಂಜಿನಿಯರು ನಕ್ಕರು. “ಗೂಡೂ ಇಲ್ಲ, ಗೀಡೂ ಇಲ್ಲ. ಆದ್ರೂ ನಿಮ್ಮ ಮಾತಿಗೆ ಒಂದು ಎಲಿ ಹರದಿಲ್ಲ ನೋಡ್ರಿ.”

“ಗಿಡದಾಗಲ್ರಿ. ದಂಡ್ಯಾಗ ಇತ್ತು. ಬಿಲ.”

“ಬಿಲ ಅಂತ ನಿನ್ನೆ ಫೋನಿನ್ಯಾಗ ಅನ್ನಬೇಕಿತ್ತಲ್ರಿ?”

ಅವರ ಮೇಲೆ ಸಿಟ್ಟು ಮಾಡಲು ನನಗೆ ಜಾಗವೇ ಉಳಿಯಲಿಲ್ಲ. ದಾರ ಹಿಡಿದು ಪಾಯದ ಗುರುತು ಹಾಕತೊಡಗಿದೆ.

ಹಕ್ಕಿ ಬಂತು. ಕೊಕ್ಕಿನಲ್ಲಿ ಮೀನು, ತಲೆ ಹೊರಗೆ. ಕೆತ್ತಿದ ಮಣ್ಣಿನ ಮುಂದೆ ಮೂರು ಸಲ ಸುಳಿದಾಡಿ, ಹೋಗಿ ಕೊಂಬೆಯ ಮೇಲೆ ಕುಳಿತಿತು. ಬಹಳ ಹೊತ್ತಿನ ಮೇಲೆ ನಾನು ತಲೆಯೆತ್ತಿದಾಗ ಅದು ಮೀನನ್ನು ತಿರುಗಿಸಿಕೊಂಡು ನುಂಗುತ್ತಿತ್ತು.