ರತ್ನತ್ತೆಯ ಟ್ಯಾಬಿಗೆ ಕಾಮಾಲೆ ಬಂದದ್ದು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಟ್ಯಾಬ್ ತೆರೆದರೆ, ಅದು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡು ಕೂತಿತ್ತು. 'ನಿಮ್ಮ ಅನುಭವ ಈಗ ಇನ್ನಷ್ಟು ಸೊಗಸಾಗಿದೆ' ಎಂದಿತು. ಸೊಗಸಾಗಿದೆಯೋ ಇಲ್ಲವೋ ಹೇಳಬೇಕಾದವನು ನಾನಲ್ಲವೇ? ನೀವೂ ಇದನ್ನು ಕಂಡಿರುತ್ತೀರಿ. ನಿನ್ನೆ ಇದ್ದ ಗುಂಡಿ ಇವತ್ತು ಇರುವುದಿಲ್ಲ. ಆ ಜಾಗದಲ್ಲಿ ಯಾವುದೋ ಹೊಸ ಹೆಸರು, ಮದುವೆಮನೆಗೆ ಬಂದ ಗುರುತಿಲ್ಲದ ನೆಂಟನ ಹಾಗೆ ನಗುತ್ತಾ ನಿಂತಿರುತ್ತದೆ. ಇಂಥ ಹೆಸರು ಕಂಡಾಗಲೆಲ್ಲ ನನಗೆ ಮೊಳಕಾಲ್ಮೂರಿನ ರತ್ನತ್ತೆ ನೆನಪಾಗುತ್ತಾಳೆ.

ರತ್ನತ್ತೆ ನಮ್ಮಪ್ಪನ ತಂಗಿ. ನಡುಮನೆಯ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಲೇ ತಲೆ ನರೆತವಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಕನ್ನಡದಲ್ಲಿ ಬೈಯಲು ಶುರುಮಾಡಿ ತೆಲುಗಿನಲ್ಲಿ ಮುಗಿಸುವವಳು. ನಾನೋ ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಗಿರಾಕಿಗಳಿಗೆ ಸೀರೆ ತೋರಿಸಲೆಂದು ಅವಳಿಗೆ ಟ್ಯಾಬ್ ತಂದುಕೊಟ್ಟವನೂ, ಅದನ್ನು ಬಳಸಲು ಕಲಿಸಿದವನೂ ನಾನೇ. ಆ ಜಂಬ ಬಹಳ ದಿನ ನನ್ನ ಜೊತೆಗಿತ್ತು.

ಎರಡು ವರ್ಷದ ಹಿಂದಿನ ಮಾತು. ನಮ್ಮ ಬೀದಿಯ ಗಿರಿಜಮ್ಮನವರು ಮಗಳ ಮದುವೆಗೆ ಅತ್ತೆಯಿಂದ ಒಂದು ಸೀರೆ ನೇಯಿಸಲು ಹೊರಟರು. ತೀರಿಹೋದ ಅವರ ತಾಯಿಯ ಧಾರೆಸೀರೆ ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಅಂಥದೇ ಬಣ್ಣ, ಅಂಥದೇ ಅಂಚು ಬೇಕು. ಆದರೆ ಆ ಹಳೆಯ ಸೀರೆ ಮಾತ್ರ ಮನೆಯ ಹೊಸ್ತಿಲು ದಾಟಕೂಡದು. ಅತ್ತೆ ತಾನೇ ಬಸ್ ಹತ್ತಿ ಬಂದಳು. ಅಂಗಳದ ಬೆಳಕಿನಲ್ಲಿ ಸೀರೆ ಹರಡಿಸಿ ಟ್ಯಾಬಿನಲ್ಲಿ ಫೋಟೊ ಹಿಡಿದಳು. ಈರುಳ್ಳಿ ಸಿಪ್ಪೆಯ ಒಳಮೈಯಂಥ ನಸುಗುಲಾಬಿ. ಗಿರಿಜಮ್ಮ ಅದರ ಸೆರಗು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅತ್ತೆ "ಆಗ್ತೈತೆ ಬಿಡ್ರಿ" ಎಂದಷ್ಟೇ ಹೇಳಿ ಹೊರಟಳು.

ಮೂರನೆಯ ದಿನ ಫೋನ್ ಬಂತು. "ಲೇ, ಟ್ಯಾಬಿಗೆ ಕಾಮಾಲೆ ಬಂದೈತೆ. ಬೇಗ ಬಾ."

ಹೋಗಿ ನೋಡಿದೆ. ಟ್ಯಾಬ್ ಚೆನ್ನಾಗಿಯೇ ಇತ್ತು. ಹಿಂದಿನ ದಿನ ಅಪ್‌ಡೇಟ್ ಆಗಿತ್ತು, ಅಷ್ಟೆ.

"ಏನೂ ಆಗಿಲ್ಲ ಅತ್ತೆ. ನಿಮ್ಮನೇಲಿ ಬೆಳಕು ಕಮ್ಮಿ."

"ನಾನು ಈ ಬೆಳಕಲ್ಲೇ ಮುದುಕಿ ಆಗಿರೋದು. ಆ ಸೀರೆ ಈ ಬಣ್ಣ ಅಲ್ಲ. ಇದು ಮಾವಿನಹಣ್ಣಿನ ಕಡೆ ವಾಲೈತೆ."

ಮರುದಿನ ಬೆಳಿಗ್ಗೆ ರೇಷ್ಮೆ ಬಣ್ಣಕ್ಕೆ ಹೋಗಬೇಕಿತ್ತು. ಬಣ್ಣ ಹಾಕುವವರು ಈ ಫೋಟೊ ನೋಡಿಯೇ ಹದ ಮಾಡುವವರು. ಒಮ್ಮೆ ತಪ್ಪಿದರೆ ಹೊಸ ರೇಷ್ಮೆ ತರಿಸಿ ಮೊದಲಿನಿಂದ ಶುರುಮಾಡಬೇಕು. ಮದುವೆಗೆ ಅಷ್ಟು ದಿನ ಉಳಿದಿರಲಿಲ್ಲ. ನಾನಾದರೋ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮಾತೆತ್ತಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅತ್ತೆ ಎದ್ದಳು. ಒಳಗೆ ಹೋಗಿ, ಇನ್ನೂ ಬಣ್ಣ ಕಾಣದ ಬಿಳಿ ರೇಷ್ಮೆಯ ಒಂದು ಲಡಿ ತಂದಳು. ಟ್ಯಾಬಿನಲ್ಲಿ ಒಂದು ಖಾಲಿ ಹಾಳೆ ತೆರೆಯಲು ಹೇಳಿ, ಪಕ್ಕದಲ್ಲಿ ಲಡಿ ಹಿಡಿದಳು.

"ಈಗ ಹೇಳು ಮೇಷ್ಟ್ರೇ. ಎರಡೂ ಬಿಳೀನಾ?"

ಅಲ್ಲ. ಪರದೆಯ ಬಿಳುಪು ಅರಿಶಿನದ ನೀರು ಚಿಮುಕಿಸಿದ ಹಾಗಿತ್ತು. ಡಾಕ್ಟರ ಹತ್ತಿರ ಹೋಗಬೇಕಾದ ಕಣ್ಣು ಯಾರದೆಂದು ಗೊತ್ತಾಯಿತು.

ಸೆಟ್ಟಿಂಗ್ಸ್ ತೆರೆದೆ. ಪರದೆಯ ಪಟ್ಟಿಯಲ್ಲಿ ಒಂದಾದರೂ ಪರಿಚಯದ ಹೆಸರಿಲ್ಲ. ಕಂಫರ್ಟ್ ವಿಷನ್ ಪ್ಲಸ್, ಅಂಬಿಯೆಂಟ್ ಹಾರ್ಮನಿ, ಡೈನಾಮಿಕ್ ಸೆರೆನಿಟಿ. ಬಣ್ಣ ಎಂಬ ಮಾತೇ ಎಲ್ಲೂ ಇಲ್ಲ. ನಾನು ಒಂದೊಂದನ್ನೇ ಓದಿ ಅರ್ಥ ಹೇಳತೊಡಗಿದೆ, ತರಗತಿಯಲ್ಲಿ ಹೇಳುವ ಹಾಗೆಯೇ.

"ಅರ್ಥ ಯಾಕೆ, ಎಂದುಕುರಾ? ಒತ್ತು. ಏನಾಗ್ತೈತೆ ನೋಡಾನ."

ಕಂಫರ್ಟ್ ವಿಷನ್ ಒತ್ತಿ ಆಫ್ ಮಾಡಿದ ಕೂಡಲೇ ಹಳದಿ ಇಳಿಯಿತು. "ಸರಿಹೋಯ್ತು!" ಎಂದು ನಾನು ಎದ್ದೇಬಿಟ್ಟೆ.

ಅತ್ತೆ ಲಡಿಯನ್ನು ಇನ್ನೂ ಹಿಡಿದೇ ಇದ್ದಳು. "ಕೂತ್ಕಾ. ಇನ್ನೂ ಒಂಚೂರು ಹಳದಿ ಐತೆ. ಇದು ಯಾವುದು, ಎರಡನೇದು?"

"ಅದು ಹಾರ್ಮನಿ ಅತ್ತೆ. ಸಂಗೀತದ್ದು. ಅದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ."

ನನ್ನ ಕೈ ಸರಿಸಿ ಅವಳೇ ಒತ್ತಿದಳು. ಪರದೆ ಹಾಲಿನ ಹಾಗೆ ಬೆಳ್ಳಗಾಯಿತು. ಲಡಿ ಯಾವುದು, ಹಾಳೆ ಯಾವುದು ಎನ್ನುವ ಹಾಗೆ. ಸೀರೆಯ ಫೋಟೊ ತೆರೆದರೆ ಅಂಗಳದಲ್ಲಿ ಕಂಡ ಅದೇ ನಸುಗುಲಾಬಿ! ಅತ್ತೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವಳು ಎಷ್ಟು ಹೆದರಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ.

ಹೊರಡುವ ಮುಂಚೆ ನೋಡಿದೆ: ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಅದರ ಹಿಂಬದಿಯಲ್ಲಿ ಆ ಎರಡು ಗುಂಡಿಗಳ ಚಿತ್ರ ಬರೆದು, ಕೆಳಗೆ 'ದೊಡ್ಡ ಕಾಮಾಲೆ', 'ಸಣ್ಣ ಕಾಮಾಲೆ' ಎಂದು ದಪ್ಪ ಅಕ್ಷರದಲ್ಲಿ ಗುರುತು ಮಾಡಿದ್ದಳು. ಆ ಕಂಪನಿಯಲ್ಲಿ ಹೆಸರಿಡುವವರು ಯಾರೋ ಕಾಣೆ; ಅವರಿಗಿಂತ ನಮ್ಮತ್ತೆಗೆ ಆ ಕೆಲಸ ಚೆನ್ನಾಗಿ ಬರುತ್ತದೆ.

ಸೀರೆ ಬಂದ ದಿನ ಗಿರಿಜಮ್ಮ ನನ್ನನ್ನೂ ಕರೆದಿದ್ದರು. ಹಳೆಯ ಸೀರೆ ಹಾಸಿ, ಅದರ ಮೇಲೆ ಹೊಸದನ್ನು ಹರಡಿದರು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೋ ಹರಕಿನಿಂದಲೇ ಗುರುತು ಹಿಡಿಯಬೇಕಿತ್ತು. "ನಮ್ಮವ್ವ ಬಂದಂಗಾತು" ಎಂದರು ಅವರು. ಅತ್ತೆ ಆವತ್ತು ಚಹಾ ಕುಡಿದ ಗತ್ತು ನೀವು ನೋಡಬೇಕಿತ್ತು!

ಈಗ ನಾನು ತರಗತಿಯಲ್ಲಿ ಹೆಸರುಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಒತ್ತಿ, ಏನಾಗುತ್ತದೋ ನೋಡಿ, ನಿಮಗೆ ತಿಳಿಯುವ ಹೆಸರಿಟ್ಟುಕೊಳ್ಳಿ ಎನ್ನುತ್ತೇನೆ. ಕಳೆದ ಭಾನುವಾರ ಮೊಳಕಾಲ್ಮೂರಿಗೆ ಹೋದರೆ, ಅತ್ತೆಯ ನಡುಮನೆಯಲ್ಲಿ ಆ ಬೀದಿಯ ನೇಕಾರ ಹೆಂಗಸರು ಐದಾರು ಜನ ಫೋನು, ಟ್ಯಾಬು ಹಿಡಿದು ಸುತ್ತ ಕೂತಿದ್ದರು. ಹೊಸ ಅಪ್‌ಡೇಟ್ ಬಂದಿತ್ತಂತೆ. ನನ್ನನ್ನು ಕಂಡು ಒಬ್ಬಾಕೆ, "ಮೇಷ್ಟ್ರು ಬಂದ್ರು, ಅವರ್ನೇ ಕೇಳಾನ" ಎಂದಳು.

ಅತ್ತೆ ತಲೆಯೆತ್ತಲಿಲ್ಲ. "ಅವನೂ ಕಲಿಯಾಕೇ ಬಂದಿರೋದು. ಜರಗ್ರೇ, ಜಾಗ ಕೊಡ್ರಿ."

ನಾನು ಚಪ್ಪಲಿ ಬಿಟ್ಟು, ಎಲ್ಲರ ಹಿಂದೆ, ಚಾಪೆಯ ತುದಿಯಲ್ಲಿ ಖುಷಿಯಿಂದ ಕೂತುಕೊಂಡೆ.