ಹಮೀದಾಕನ ಕೋಳಿಗೂಡಿಗೆ ನಾನು ಕಟ್ಟಿದ ಬಲ್ಬು

ಹಮೀದಾಕ, ಆ ಬಲ್ಬು ಕಟ್ಟಿದವನು ನಾನು. ನಿಮ್ಮ ಹಲ್ಲು ಉದುರಿಸಿದವನೂ ನಾನೇ — ಅದು ನಿಮಗೆ ಗೊತ್ತಿದೆ. ಯಾಕೆ ಹೊಡೆದೆ ಎಂಬುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ತೊಂಬತ್ತರ ದಶಕದ ಚಳಿಗಾಲ. ಕತಾರಿನ ಅಲ್ ಅಜೀಜಿಯಾದಲ್ಲಿ ಆ ಅರಬ್ಬಿ ಯಜಮಾನನ ಮನೆಯಲ್ಲಿ ನೀವು ಎಂಟು ವರ್ಷದಿಂದ ತೋಟ, ಕೋಳಿ ನೋಡಿಕೊಂಡಿದ್ದವರು. ನಾನು ಮೊನ್ನೆ ಮೊನ್ನೆ ಬಂದ ಡ್ರೈವರ್. ಅಲ್ಲಿನ ಚಳಿಗಾಳಿಗೆ ನನ್ನ ಹಲ್ಲೇ ಕಟಕಟ ಎನ್ನುತ್ತಿತ್ತು. ಊರಿನಲ್ಲಿ ಮರಿಗಳ ಬುಟ್ಟಿಗೆ ಬಲ್ಬು ಇಳಿಬಿಡುವುದನ್ನು ಕಂಡವನು — ಬೆಳೆದ ಕೋಳಿಗಳಿಗೂ ಅದೇ ಬೇಕೆಂದು ನಿಮಗೇ ಪಾಠ ಹೇಳಲು ಹೊರಟೆ.

"ಅದಕ್ಕೆ ಅದರ ಪುಕ್ಕ ಸಾಕು ಮಾರಾಯ. ಗಾಳಿ ತಾಗದ ಹಾಗೆ ಮಾಡಿದ್ರೆ ಆಯ್ತು. ಬಲ್ಬು ಗಿಲ್ಬು ಬೇಡ," ಎಂದಿರಿ.

ನಾನು ಕೇಳುವ ಆಸಾಮಿಯೇ? ಯಜಮಾನನ ಮುಂದೆ ಮಿಂಚಬೇಕಿತ್ತು. ನೀವು ಮುಂಜಾನೆಯ ನಮಾಜಿಗೆ ಮಸೀದಿಗೆ ಹೋದಾಗ ದೊಡ್ಡ ಬಲ್ಬೊಂದನ್ನು ಬರೀ ವೈರಿನಲ್ಲೇ ಇಳಿಬಿಟ್ಟು ಬಂದೆ. ಅದು ಕಳಚಿ, ನೆಲಕ್ಕೆ ಹಾಸಿದ್ದ ಮರದ ಹೊಟ್ಟಿನ ಮೇಲೆ ಬಿತ್ತು. ನೀವು ಮರಳುವಷ್ಟರಲ್ಲಿ ಗೂಡು ಧಗಧಗ ಉರಿಯುತ್ತಿತ್ತು. ಕೋಳಿಗಳು ಮೈಗೆ ಬೆಂಕಿ ಹೊತ್ತಿಕೊಂಡೇ ತಂತಿಬಲೆಗೆ ಬಡಿದುಕೊಳ್ಳುತ್ತಿದ್ದವು — ಆ ಕೂಗು... ನೀವು ಬರಿಗೈಯಲ್ಲಿ ಬಾಗಿಲು ಕಿತ್ತಿರಿ. ಬದುಕಿದ್ದು ಒಂದೇ ಒಂದು ಹೇಂಟೆ.

ಬಲ್ಬು ಹಾಕಿದ್ದು ಯಾರು ಎಂದು ಯಜಮಾನ ಕೇಳಿದ.

"ಹಮೀದ್," ಎಂದೆ.

ನೀವು ನನ್ನತ್ತ ತಿರುಗಿ ಬಾಯಿ ತೆರೆದಿರಿ. ಆ ಬಾಯಿ ಮುಚ್ಚಿಸಲೆಂದೇ ಸಲಿಕೆಯ ಹಿಡಿಯಿಂದ ಹೊಡೆದೆ. ಹೆದರಿ ಹೊಡೆದೆ, ಹಮೀದಾಕ — ನೀವು ಬಿದ್ದ ಮೇಲೂ ಹೊಡೆದೆ. ಬಲ್ಬು ಬೇಡವೆಂದರೂ ಇವನು ಕೇಳಲಿಲ್ಲ ಎಂದು, ನಿಮ್ಮದೇ ಮಾತನ್ನು ಹರಕುಮುರುಕು ಅರಬ್ಬಿಯಲ್ಲಿ ಕೂಗುತ್ತಾ ಹೊಡೆದೆ. ಯಜಮಾನ ನನ್ನ ನಿಯತ್ತನ್ನು ಮೆಚ್ಚಿದ. ನಿಮಗೆ "ಖಲಾಸ್" ಎಂದ. ಅದೇ ವಾರ ನಿಮ್ಮನ್ನು ಊರಿಗೆ ಕಳಿಸಿದರು.

ಹೊರಡುವ ದಿನ ನೀವು, ಪುಕ್ಕವೆಲ್ಲ ಸುಟ್ಟು ನಡುಗುತ್ತಿದ್ದ ಆ ಹೇಂಟೆಯನ್ನು ನಿಮ್ಮ ಬನಿಯನ್ನಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಿರಿ. ತುಟಿ ಇನ್ನೂ ಊದಿಕೊಂಡಿತ್ತು.

"ಇದಕ್ಕೆ ಈಗ ಬಿಸಿ ಬೇಕು ಮಾರಾಯ."

ಆಗಲೂ ನನ್ನನ್ನು ಮಾರಾಯ ಎಂದಿರಿ.

ನಿಮ್ಮನ್ನು ಕರೆದೊಯ್ದ ಟ್ಯಾಕ್ಸಿ ಗೇಟು ದಾಟಿದ ಮೇಲೆ ಆ ಹೇಂಟೆಯ ಕತ್ತು ಮುರಿದೆ. ನೋವು ನೋಡಲಾಗದೆ ಕೊಂದೆ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು. ಅದು ನನ್ನ ಎದೆಗೆ ಒತ್ತಿಕೊಂಡು ಬೆಚ್ಚಗಾಗುತ್ತಿತ್ತು, ನನ್ನನ್ನು ನಂಬಿ — ತಡೆಯಲಾಗಲಿಲ್ಲ.

ಇದನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳುವುದಿಲ್ಲ. ನಿಮ್ಮೂರು ಉಪ್ಪಿನಂಗಡಿಗೆ ನಾನೇ ಬರುತ್ತೇನೆ. ನಿಮ್ಮ ಮಕ್ಕಳನ್ನು ಕೂರಿಸಿ, ಅವರ ಎದುರು ಇದನ್ನು ಓದುತ್ತೇನೆ. ಹೇಂಟೆಯ ವಿಷಯವನ್ನೂ ಬಿಡದೆ ಓದುತ್ತೇನೆ.