ಹೊಳೆದಂಡೆಯ ಹುಲ್ಲಿಗೆ ಒಲ್ಲೆನೆಂದ ಹುಲಗೇಶ

ತೆಲಂಗಾಣದ ಪರಿಗಿ ದಾಟಿ, ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ಕೆಂಪು ಕಲ್ಲುನೆಲದ ಬೀಳು. ಶನಿವಾರದ ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಮುಳ್ಳುಬೇಲಿಯ ಹಟ್ಟಿಯೊಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಅವುಗಳ ನಡುವೆ ಲುಂಗಿ ಎತ್ತಿ ಕಟ್ಟಿದ ಹುಲಗೇಶ ಬಾಗಿ ಬಾಗಿ ಸಾಗುತ್ತಿದ್ದಾರೆ. ಒಂದರ ಬೆನ್ನಮೂಳೆಯ ಮೇಲೆ ಅಂಗೈ ಒತ್ತುತ್ತಾರೆ. ಇನ್ನೊಂದರ ತುಟಿ ಸರಿಸಿ ವಸಡು ನೋಡುತ್ತಾರೆ. ನೆಲದ ಮೇಲಿನ ಹಿಕ್ಕೆ ಹೆಕ್ಕಿ, ಎರಡು ಬೆರಳ ನಡುವೆ ಪುಡಿ ಮಾಡಿ, ಮೂಗಿನ ಹತ್ತಿರ ಹಿಡಿಯುತ್ತಾರೆ.

"ನಿನ್ನ ಏಡ ಮೇಪಿನವ್?" ನಿನ್ನೆ ಎಲ್ಲಿ ಮೇಯಿಸಿದೆ ಎಂದು ಕುರಿಗಾಹಿಯನ್ನು ತೆಲುಗಿನಲ್ಲಿ ಕೇಳುತ್ತಾರೆ. ಆತ ಕಂಬಳಿಯೊಳಗಿಂದಲೇ ಕೈ ತೆಗೆದು ಗುಡ್ಡದ ಕಡೆ ತೋರಿಸುತ್ತಾನೆ. ನೀರು ಎಲ್ಲಿ ಕುಡಿದವು ಎಂದರೆ ಗುಡ್ಡದ ಕೆಳಗಿನ ಕುಂಟೆಯಲ್ಲಿ ಎನ್ನುತ್ತಾನೆ. ಅಷ್ಟಕ್ಕೇ ಬಿಡುವವರಲ್ಲ ಹುಲಗೇಶ. ಕುಂಟೆಯವರೆಗೂ ನಡೆದುಹೋಗಿ, ದಡದಲ್ಲಿ ಕೂತು, ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದುಕೊಂಡು ಬರುತ್ತಾರೆ. "ನಾ ಮಾರಿ ತೊಳಕೊಳ್ಳಾಕ ಹೇಸೋ ನೀರು ಕುರಿ ಯಾಕ ಕುಡೀಬೇಕ್ರಿ?" ಎಂದು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ಐವತ್ತು ದಾಟಿದ ಮೈ. ಎಡಗಾಲು ತುಸು ಎಳೆಯುತ್ತದೆ.

ಈ ಕುರಿಗಳ ಮಾಂಸ ನಾಳೆ ಹೈದರಾಬಾದಿನ ಬೇಗಂಪೇಟೆಯ ಅಪಾರ್ಟ್‌ಮೆಂಟುಗಳಿಗೆ ಹೋಗುತ್ತದೆ. ಅಲ್ಲಿ ಈಗ 'ಪೇಲಿಯೋ' ಎಂಬ ಪಥ್ಯ ನಡೆದಿದೆ. ಅನ್ನ, ರೊಟ್ಟಿ, ಬೇಳೆ, ಸಕ್ಕರೆ ಎಲ್ಲ ಬಿಟ್ಟು, ಬೇಸಾಯ ಬರುವ ಮೊದಲು ಮನುಷ್ಯ ಏನು ತಿನ್ನುತ್ತಿದ್ದನೋ ಅದನ್ನೇ ತಿನ್ನಬೇಕೆಂಬ ಪಥ್ಯ. ಮಾಂಸ, ಮೀನು, ಮೊಟ್ಟೆ, ಗೆಡ್ಡೆ, ಸೊಪ್ಪು, ಹಣ್ಣು. ಒಳ್ಳೆಯದೋ ಕೆಟ್ಟದ್ದೋ ವೈದ್ಯರು ಹೇಳಲಿ. ಆದರೆ ಅದರ ಮೊದಲ ಷರತ್ತು ಒಂದಿದೆ. ತಿನ್ನುವ ಪ್ರಾಣಿ ಬಯಲಲ್ಲಿ ಹುಲ್ಲು ಮೇಯ್ದು ಬೆಳೆದಿರಬೇಕು. ಹೈದರಾಬಾದಿನಂಥ ಊರಿನಲ್ಲಿ ಅಂಥದ್ದನ್ನು ಎಲ್ಲಿಂದ ತರುವುದು? ಆ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಹುಡುಕಿಕೊಟ್ಟವರು ಹುಲಗೇಶ. ಪಥ್ಯದ ಬಗ್ಗೆ ಭಾಷಣ ಮಾಡುವವರಿಗೆ ಹೋಟೆಲುಗಳಲ್ಲಿ ವೇದಿಕೆ ಸಿಗುತ್ತದೆ. ಅವರ ತಟ್ಟೆಗೆ ಮಾಂಸ ತರುವ ಈ ಮನುಷ್ಯ ಮಾತ್ರ ಅನೇಕ ಕಟ್ಟಡಗಳಲ್ಲಿ ಇವತ್ತಿಗೂ ಹಿಂಬಾಗಿಲ ಮೆಟ್ಟಿಲು ಹತ್ತಬೇಕು. ಲಿಫ್ಟಿನಲ್ಲಿ ವಾಸನೆ ಉಳಿಯುತ್ತದಂತೆ.

ಲಿಂಗಸುಗೂರು ತಾಲ್ಲೂಕಿನಿಂದ ಸೋದರಮಾವನ ಜೊತೆ ಕುರಿ ತುಂಬಿದ ಲಾರಿಯಲ್ಲಿ ಹೈದರಾಬಾದಿನ ಜಿಯಾಗುಡ ಕುರಿಸಂತೆಗೆ ಬಂದಾಗ ಹುಲಗೇಶರಿಗೆ ಮೀಸೆ ಆಗಷ್ಟೇ ಮೂಡಿತ್ತು. ಮಾವ ಕುರಿ ಮಾರಿ ಊರಿಗೆ ಹೋದ, ಇವರು ಉಳಿದರು. ಲಾರಿಯಿಂದ ಕುರಿ ಇಳಿಸುವ ಹಮಾಲಿಯಾಗಿ, ಆಮೇಲೆ ಟ್ರಾಲಿ ಆಟೊ ಓಡಿಸಿಕೊಂಡು, ಸಿಕಂದರಾಬಾದಿನ ರೈಲು ಹಳಿಯ ಪಕ್ಕದ ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದು ಸಂಸಾರ ಮಾಡಿದರು. ಒಂದು ಟಗರು ಲಾರಿಯ ಹಲಗೆಯಿಂದ ಹಾರಿ ಮೇಲೆ ಬಿದ್ದಾಗ ಮುರಿದ ಎಡಗಾಲು ಮತ್ತೆ ಪೂರ್ತಿ ಕೂಡಿಕೊಳ್ಳಲೇ ಇಲ್ಲ.

ಬೇಗಂಪೇಟೆಯಲ್ಲಿ ಆನಂದಕುಮಾರ ಎಂಬವರು ಪೇಲಿಯೋ ಪದಾರ್ಥಗಳ ಅಂಗಡಿ ತೆರೆದಾಗ ಹುಲಗೇಶರನ್ನು ಕರೆದು ಕೆಲಸ ಕೊಟ್ಟರು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದ ಮೈಸೂರು ಕಡೆಯ ತಂದೆಯ ಮಗ ಆನಂದಕುಮಾರ. ಕನ್ನಡದವನು ಸಿಕ್ಕಿದ ಎಂಬ ಖುಷಿ ಇಬ್ಬರಿಗೂ ಇತ್ತು. ಅಂಗಡಿಗೆ ಬೇಕಾದದ್ದೆಲ್ಲ ಎಲ್ಲೆಲ್ಲಿದೆ ಎಂದು ಹುಡುಕುವುದು ಹುಲಗೇಶರ ಕೆಲಸ. ಅವರು ಪರಿಗಿಯ ಬೀಳಿನ ಕುರಿಗಾಹಿಗಳನ್ನು ಹುಡುಕಿದರು. ತಾಂಡಾಗಳಲ್ಲಿ ಅಂಗಳದ ಕೋಳಿ ಸಾಕುವ ಹೆಂಗಸರನ್ನು ಹುಡುಕಿದರು. ಇಲ್ಲಿನವರು ಕೊರಮೇನು ಎನ್ನುವ ಮೀನು ಯಾವ ಕೆರೆಯದ್ದು ಒಳ್ಳೆಯದು, ಮಾಂಸದ ಜೊತೆ ಬೇಯಿಸುವ ಹುಣಸೆಚಿಗುರು ಯಾವ ತೋಪಿನಲ್ಲಿ ಮೊದಲು ಬರುತ್ತದೆ ಎಂದು ಅಲೆದರು. ಅಂಗಡಿ ಬೆಳೆಯಿತು. ಗಾಜಿನ ಬಾಗಿಲು ಬಂತು. 'ಹುಲ್ಲು ತಿಂದು ಬೆಳೆದದ್ದು' ಎಂಬ ದೊಡ್ಡ ಬೋರ್ಡು ಬಂತು.

ಆ ಬೋರ್ಡಿನ ಕೆಳಗೇ ಎರಡು ವರ್ಷದ ಹಿಂದೆ ನಡೆದದ್ದನ್ನು ಹೇಳುವಾಗ ಹುಲಗೇಶರ ದನಿ ಗಡುಸಾಗುತ್ತದೆ.

ಗಿರಾಕಿ ಹೆಚ್ಚಿದಂತೆ ಪರಿಗಿ ದೂರವಾಯಿತು. ಬೇಸಿಗೆಯಲ್ಲಿ ಬೀಳು ಒಣಗಿದರೆ ಕುರಿಗಾಹಿಗಳು ಬೇರೆ ಕಡೆ ಹೊರಟುಬಿಡುತ್ತಾರೆ, ಮಾಂಸ ತಪ್ಪುತ್ತದೆ. ಒಂದು ದಿನ ಆನಂದಕುಮಾರ ಒಂದು ವಿಳಾಸ ಕೊಟ್ಟು, ಇನ್ನು ಮೇಲೆ ಇಲ್ಲಿಂದಲೇ ತುಂಬಿಕೊಂಡು ಬಾ, ಹತ್ತಿರ, ವರ್ಷಪೂರ್ತಿ ಸಿಗುತ್ತದೆ ಎಂದರು. ಹುಲಗೇಶ ಟ್ರಾಲಿ ತೆಗೆದುಕೊಂಡು ಹೋದರು. ಊರ ಹೊರಗೆ, ಮೂಸಿ ಹೊಳೆ ಇಡೀ ನಗರದ ಕೊಳೆ ಹೊತ್ತು ಹರಿದುಹೋಗುವ ಜಾಗ ಅದು. ನೀರಿನ ಮೇಲೆ ಬಿಳಿ ನೊರೆ. ಎರಡೂ ದಂಡೆಗೆ ಎದೆಯೆತ್ತರ ಹಸಿರು ಹುಲ್ಲು. ಅದಕ್ಕೆ ಆ ನೀರೇ. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಆ ಹುಲ್ಲು ಕೊಯ್ದು ಹೊರೆ ಕಟ್ಟುತ್ತಿದ್ದರು. ಪಕ್ಕದ ತಗಡಿನ ಶೆಡ್ಡಿನಲ್ಲಿ ಅದೇ ಹುಲ್ಲು ತಿಂದು ಕುರಿಗಳು ಕೊಬ್ಬಿ ನಿಂತಿದ್ದವು.

"ಒಬ್ಬಾಕಿ ಹೆಣ್ಮಗಳು ಹೊರಿ ಇಳಸಾಕ ಕೈ ಹಿಡಿ ಅಂದ್ಳು. ಆಕಿ ಕಾಲು ನೋಡಿದ್ನಿ. ಪಾದದಿಂದ ಮೊಣಕಾಲಮಟ ಹುಣ್ಣು. ನೀರು ಹತ್ತಿ ಹತ್ತಿ ಆದದ್ದು. ಮನುಷ್ಯಾರ ಚರ್ಮ ಸುಲಿಯೋ ನೀರು ಹುಲ್ಲಿನೊಳಗ ಹೋದ ಕೂಡ್ಲೆ ಅಮೃತ ಆಗತೈತೇನ್ರಿ?"

ಖಾಲಿ ಟ್ರಾಲಿ ಬೇಗಂಪೇಟೆಗೆ ವಾಪಸು ಬಂತು. ಅಂಗಡಿಯಲ್ಲಿ ನಡೆದ ಮಾತು ಹುಲಗೇಶರಿಗೆ ಅಕ್ಷರಶಃ ನೆನಪಿದೆ.

"ಯಾಕಪ್ಪಾ, ಕುರಿ ಎಲ್ಲಿ?" ಎಂದರು ಆನಂದಕುಮಾರ.

"ಅದು ಗಟಾರದ ಹುಲ್ಲು ಐತ್ರಿ ಸಾಹೇಬ್ರ. ಆ ಕುರಿ ಬ್ಯಾಡ್ರಿ."

"ಗಟಾರದ್ದೋ ಗುಡ್ಡದ್ದೋ, ಅದೂ ಹುಲ್ಲೇ ಅಲ್ವೇನಪ್ಪಾ? ಬೋರ್ಡಲ್ಲಿ ಏನು ಬರೆದಿದೀವಿ? ಹುಲ್ಲು ತಿಂದು ಬೆಳೆದದ್ದು ಅಂತ ತಾನೆ? ಸುಳ್ಳು ಎಲ್ಲಿದೆ ಹೇಳು."

ಓದಿದವರ ಈ ಜಾಣತನಕ್ಕೆ ಏನು ಹೇಳಬೇಕು? ಅಕ್ಷರಕ್ಕೆ ಅಕ್ಷರ ನಿಜವಾಗಿರುವ ಮೋಸವನ್ನು ಹಿಡಿಯುವ ಕಾನೂನು ಯಾವುದು? ಹುಲಗೇಶ ವಾದ ಮಾಡಲಿಲ್ಲ. "ನಾ ತರಂಗಿಲ್ರಿ" ಎಂದು ಟ್ರಾಲಿಯ ಕೀಲಿಕೈ ಮೇಜಿನ ಮೇಲಿಟ್ಟು ಬಂದರು. ಅಂಗಡಿಯ ಟ್ರಾಲಿ ಅದು. ತಮ್ಮದನ್ನು ಅವರು ಹಿಂದಿನ ವರ್ಷವೇ ಮಾರಿದ್ದರು.

ಕೆಲಸ ಹೋದದ್ದಕ್ಕಿಂತ ಆಮೇಲೆ ಆದದ್ದು ಹೇಸಿಕೆ ಹುಟ್ಟಿಸುವಂಥದ್ದು. ವಾರದೊಳಗೆ ಅಂಗಡಿಯಿಂದ ಗಿರಾಕಿಗಳ ಫೋನುಗಳಿಗೆ ಒಂದು ಸಂದೇಶ ಹೋಯಿತು. ಮಾಂಸ ಕದಿಯುತ್ತಿದ್ದ ಕೆಲಸಗಾರನೊಬ್ಬನನ್ನು ತೆಗೆದುಹಾಕಲಾಗಿದೆ, ಆತ ಮನೆಗೆ ಬಂದರೆ ಒಳಗೆ ಬಿಟ್ಟುಕೊಳ್ಳಬೇಡಿ ಎಂದು. ಜೊತೆಗೆ ಹುಲಗೇಶರ ಫೋಟೊ. ವರ್ಷಗಳಿಂದ ಇವರ ಕೈಯಿಂದ ಚೀಲ ಇಸಿದುಕೊಂಡ ಮನೆಗಳು ಒಮ್ಮೆಯಾದರೂ ಇವರನ್ನು ಕರೆದು ನಿಜವೇ ಎಂದು ಕೇಳಲಿಲ್ಲ. ಕಾವಲುಗಾರರು ಗೇಟಿನಲ್ಲೇ ತಡೆದರು. ಓಣಿಯ ಕಸಾಯಿ ಅಂಗಡಿಯವರು ಕೂಡ ಕೆಲಸ ಕೊಡಲು ಹಿಂದೆಮುಂದೆ ನೋಡಿದರು. ಅಮೀರ್‌ಪೇಟ್‌ನ ಹಾಸ್ಟೆಲೊಂದರಲ್ಲಿ ಅಡುಗೆಮನೆ ನೋಡಿಕೊಳ್ಳುವ ಮಗಳು ಐಶ್ವರ್ಯಾಳ ಸಂಬಳದಲ್ಲಿ ಮನೆ ನಡೆಯಿತು.

"ಹಸಿವಿಗೆ ಅಂಜಿದವ್ರಲ್ಲ ನಾವು," ಎನ್ನುತ್ತಾರೆ ಹೆಂಡತಿ ಶರಣಬಸಮ್ಮ, ಹುಣಸೆಚಿಗುರು ಆರಿಸುವ ಕೈ ನಿಲ್ಲಿಸದೆ. "ಕಳ್ಳ ಅಂದ್ರಲ್ಲ, ಅದು. ಇವ್ರು ಎರಡು ತಿಂಗಳು ಹಗಲೊತ್ತು ಹೊರಗ ಬೀಳಲಿಲ್ಲ. ನಾ ಒಂದಿನ ಬೈದೆ. ಕದ್ದವ ಗಾಜಿನ ಬಾಗಿಲ ಹಾಕ್ಕೊಂಡು ಎಸಿ ಒಳಗ ಕುಂತಾನ, ನೀವ್ಯಾಕ ಮುಸುಕು ಹೊದ್ದು ಮಲಗೀರಿ ಅಂದೆ."

ಆ ಬೈಗುಳ ಕೇಳಿದ ಮರುದಿನ ಹುಲಗೇಶ ಹೋದದ್ದು ಸಂಯುಕ್ತಾ ಎಂಬ ಕನ್ನಡದ ಹಳೆಯ ಗಿರಾಕಿಯ ಮನೆಗೆ. ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿರುವ ರವಿಕಿರಣರ ಪತ್ನಿ. ಸಕ್ಕರೆ ಕಾಯಿಲೆ ಬಂದ ಗಂಡನಿಗಾಗಿ ಈ ಪಥ್ಯ ಹಿಡಿದವರು. ಕಾವಲುಗಾರ ಬೇರೆ ಮನೆಯವರ ಜೊತೆ ಮಾತಾಡುತ್ತಿದ್ದಾಗ ಹುಲಗೇಶ ಹಿಂಬಾಗಿಲಿನಿಂದ ನಾಲ್ಕು ಮಹಡಿ ಹತ್ತಿದರು. ಸಂಯುಕ್ತಾ ಬಾಗಿಲಿನ ಸರಪಳಿ ತೆಗೆಯಲಿಲ್ಲ. ಸಂದಿಯಿಂದಲೇ, "ನೀವು ಇಲ್ಲಿಗೆಲ್ಲ ಬರಬಾರದು, ಹೋಗಿ," ಎಂದರು.

"ನಾ ಕಳ್ಳ ಅಂತ ಬೇಕಾದ್ರ ತಿಳಕೋರಿ ಅಕ್ಕಾರ. ಬಾಗಿಲಾನೂ ತೆಗೀಬ್ಯಾಡ್ರಿ. ಅಣ್ಣಾವ್ರು ಉಣ್ಣೋ ಮಾಂಸದ ಕುರಿ ಈಗ ಏನು ತಿನ್ನಾಕತ್ತಾವು ಅಂತ ಒಂದ್ಸಲ ನೋಡಿಬರ್ರಿ. ಜಾಗ ಹೇಳ್ತೀನಿ. ನಾ ಜೋಡಿ ಬರಂಗಿಲ್ಲ."

ಜಾಗ ಹೇಳಿ ಇಳಿದು ಬಂದರು. ಆ ಭಾನುವಾರ ಗಂಡ ಹೆಂಡತಿ ಕಾರು ತೆಗೆದುಕೊಂಡು ಹೊಳೆದಂಡೆಗೆ ಹೋದರು. "ಗಾಜು ಏರಿಸಿದ್ದರೂ ವಾಸನೆ ಒಳಗೆ ಬಂತು," ಎಂದು ಸಂಯುಕ್ತಾ ನೆನೆಯುತ್ತಾರೆ. "ಶೆಡ್ಡಿನ ಮುಂದೆ ನಾವು ಮಾಂಸ ತರಿಸುವ ಅಂಗಡಿಯದೇ ಗಾಡಿ ನಿಂತಿತ್ತು. ಕುರಿ ತುಂಬುತ್ತಿದ್ದರು. ನಮ್ಮವರು ಇಳಿದು ಫೋಟೊ ತೆಗೆದರು. ಮನೆಗೆ ಬಂದು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ತೆಗೆದು ಎಸೆದೆ. ಹುಲಗೇಶಣ್ಣನ ಮುಖಕ್ಕೆ ಬಾಗಿಲು ಹಾಕಿದ್ದೆನಲ್ಲ, ಅದನ್ನು ಎಲ್ಲಿಗೆ ಎಸೆಯಲಿ?"

ಸಂಯುಕ್ತಾ ಸುಮ್ಮನೆ ಕೂರಲಿಲ್ಲ. ಅಪಾರ್ಟ್‌ಮೆಂಟಿನವರಿಗೆಲ್ಲ ಹೊಳೆದಂಡೆಯ ಫೋಟೊ ಕಳಿಸಿದರು. ಸಂಬಂಧಪಟ್ಟ ಕಚೇರಿಗೆ ದೂರು ಕೊಟ್ಟರು. ಬಂದ ಅಧಿಕಾರಿ ಅಂಗಡಿಯ ನೆಲ ಒರೆಸಿದೆಯೇ, ಕೆಲಸದವರು ತಲೆಗೆ ಟೋಪಿ ಹಾಕಿದ್ದಾರೆಯೇ ಎಂದು ನೋಡಿ, ಎಲ್ಲ ಸರಿ ಇದೆ ಎಂದು ಹೋದರು. ಕುರಿ ಏನು ತಿಂದಿತು ಎಂದು ಕೇಳುವುದು ತಮ್ಮ ಕೆಲಸವಲ್ಲ ಎಂದರಂತೆ. ಹಾಗಾದರೆ ಯಾರ ಕೆಲಸ? ಅದನ್ನು ತನ್ನ ಕೆಲಸ ಎಂದುಕೊಂಡಿದ್ದ ಒಬ್ಬನೇ ಮನುಷ್ಯನನ್ನು ಕಳ್ಳನೆಂದು ಹೊರಗಟ್ಟಲಾಗಿತ್ತು. ಆನಂದಕುಮಾರರ ಅಂಗಡಿ ಇಂದಿಗೂ ಇದೆ, ಇನ್ನೊಂದು ಶಾಖೆಯೂ ಆಗಿದೆ. ಬೋರ್ಡು ಮಾತ್ರ ಬದಲಾಗಿ 'ಪ್ರಕೃತಿಯ ಮಡಿಲಲ್ಲಿ ಬೆಳೆದದ್ದು' ಎಂದಾಗಿದೆ. ಕಳ್ಳತನದ ಸಂದೇಶವನ್ನು ಯಾರೂ ಹಿಂದಕ್ಕೆ ಪಡೆದಿಲ್ಲ.

ಆದರೆ ಹದಿನೈದಿಪ್ಪತ್ತು ಮನೆಗಳು ಅಂಗಡಿ ಬಿಟ್ಟು ಹುಲಗೇಶರ ಹಿಂದೆ ಬಂದವು. ರವಿಕಿರಣ ಮುಂದೆ ನಿಂತು ಹಳೆಯ ಟ್ರಾಲಿಯೊಂದಕ್ಕೆ ಸಾಲ ಕೊಡಿಸಿದರು. ಈಗ ಶುಕ್ರವಾರ ಸಂಜೆ ಪರಿಗಿಗೆ ಹೊರಟು ಹಟ್ಟಿಯ ಪಕ್ಕ ಮಲಗುವುದು, ಶನಿವಾರ ಕುರಿ ಆರಿಸಿ ತಾಂಡಾಗಳಲ್ಲಿ ಮೊಟ್ಟೆ ತೆಗೆದುಕೊಂಡು ಬರುವುದು, ಭಾನುವಾರ ನಸುಕಿನಲ್ಲಿ ಪರಿಚಯದ ಕಸಾಯಿಯ ಹತ್ತಿರ ಕಡಿಸಿ ಮನೆಮನೆಗೆ ಮುಟ್ಟಿಸುವುದು. ಕುರಿ ಚೆನ್ನಾಗಿಲ್ಲದಿದ್ದರೆ ಆ ವಾರ ಮಾಂಸವಿಲ್ಲ. ಮೊಟ್ಟೆ, ಸೊಪ್ಪು, ಗೆಣಸು ತಿನ್ನಿ ಎಂದುಬಿಡುತ್ತಾರೆ. ಸಂಯುಕ್ತಾರ ಕಟ್ಟಡದಲ್ಲಿ ಈಗ ಲಿಫ್ಟು ಹತ್ತಲು ಬಿಡುತ್ತಾರೆ. ಉಳಿದ ಕಡೆ ಕುಂಟುಗಾಲಿಗೆ ಮೆಟ್ಟಿಲೇ ಗತಿ.

ಕಳೆದ ಯುಗಾದಿಯ ಹೊತ್ತಿಗೆ ಒಂದು ಫೋನು ಬಂತು. ಆನಂದಕುಮಾರರ ತಾಯಿ ಸಾವಿತ್ರಿ. ನೀನು ಮುಂಚೆ ನಮ್ಮ ಮನೆಗೆ ತರುತ್ತಿದ್ದೆಯಲ್ಲ, ಆ ಕುರಿಯೇ ಬೇಕಪ್ಪ, ಅಂಗಡಿಯದ್ದು ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ ಎಂದರಂತೆ. ಪಕ್ಕದಲ್ಲೇ ಇದ್ದ ಶರಣಬಸಮ್ಮ ಫೋನು ಕಸಿಯಲು ಬಂದರು. ಹುಲಗೇಶ ಕೊಡಲಿಲ್ಲ.

"ಕೊಡ್ತೀನ್ರಿ ಅಮ್ಮಾರ. ಕೆಟ್ಟದ್ದು ತಿನ್ರಿ ಅಂತ ನಾ ಯಾರಿಗೂ ಅನ್ನಂಗಿಲ್ಲ. ಆದ್ರ ನಿಮ್ಮ ಮಗನ ಅಂಗಡಿದು ನಿಮ್ಮ ಮನ್ಯಾಗ ಯಾಕ ನಡಿಯಂಗಿಲ್ಲ ಅಂತ ಅವ್ರನ್ನ ಒಂದ್ ಮಾತು ಕೇಳ್ರಿ. ಕೇಳಿ ಆಮ್ಯಾಗ ಫೋನ್ ಮಾಡ್ರಿ."

ಮತ್ತೆ ಫೋನು ಬರಲಿಲ್ಲ.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಟ್ರಾಲಿ ಖಾಲಿಯಾಗಿದೆ. ಓಣಿಯ ಮನೆಯಲ್ಲಿ ಶರಣಬಸಮ್ಮ ರೊಟ್ಟಿ ಬಡಿಯುತ್ತಿದ್ದಾರೆ, ಒಲೆಯ ಮೇಲೆ ಹುಣಸೆಚಿಗುರು ಹಾಕಿದ ತಲೆಮಾಂಸದ ಸಾರು ಕುದಿಯುತ್ತಿದೆ. ಮುಂದೆ ಏನಾಗಬೇಕೆಂದು ಆಸೆ ಎಂದರೆ ಹುಲಗೇಶ ಕೈ ತೊಳೆದು ಬಂದು ಕೂರುತ್ತಾರೆ. ಅಂಗಡಿ ಬೇಡವಂತೆ, ಬೋರ್ಡು ಅಂತೂ ಬೇಡವೇ ಬೇಡವಂತೆ. ಮೇಯಲು ಆ ಬೀಳು ಉಳಿದರೆ ಸಾಕು, ಅಲ್ಲೂ ಸೈಟಿನ ಕಲ್ಲು ನೆಡಲು ಶುರು ಮಾಡಿದ್ದಾರೆ ಎನ್ನುತ್ತಾರೆ. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, ಮೆಲ್ಲಗೆ ಹೇಳುತ್ತಾರೆ:

"ಮಂದಿ ಮನಿಗೆ ಒಂದು, ನಮ್ಮ ಮನಿಗೆ ಒಂದು ಅಂತ ನಾ ಯಾವತ್ತೂ ತಂದಿಲ್ರಿ. ಅವ್ರು ತಿನ್ನೋ ಕುರೀದ ಇಲ್ಲಿ ಕುದಿಯಾಕತ್ತೈತಿ. ಕುಂದರ್ರಿ, ನೀವೂ ಒಂದ್ ತುತ್ತು ಉಣ್ರಿ."